ಬಾಡಿಗೆ ಕೊಡದವಳು

ಮನೆ ಮಾರಾಟವಾಯಿತು. ಒಳಗಿದ್ದ ಮನುಷ್ಯರ ಸಮೇತ.

ಹಳೆ ಗಾಡಿ ಕೊಳ್ಳುವವನಿಗೆ ಸವೆದ ಟೈರು, ಒಡೆದ ದೀಪ ತೋರಿಸಿ ಇದಕ್ಕೇ ಇಷ್ಟು ಅಗ್ಗ ಅನ್ನುತ್ತಾರಲ್ಲ, ಬ್ರೋಕರು ಹಾಗೆ ಒಂದೊಂದೇ ತೋರಿಸುತ್ತಾ ಬಂದ. ಮೆಟ್ಟಿಲಿನ ಬಿರುಕು ತೋರಿಸಿದ. ಸೋರುವ ತಾರಸಿ ತೋರಿಸಿದ. ಆಮೇಲೆ ಹಿತ್ತಿಲಿಗೆ ಬಂದು, ಒಂಟಿ ಕೋಣೆಯ ಬಾಗಿಲಲ್ಲಿ ಕೂತು ಬಟ್ಟೆ ಹಿಂಡುತ್ತಿದ್ದ ಹೆಂಗಸಿನ ಕಡೆ ಕೈಮಾಡಿ, "ಆಮೇಲೆ ಇದೊಂದು" ಅಂದ.

ಕೊಳ್ಳಲು ಬಂದವನು ಮೆಡಿಕಲ್ ಶಾಪಿನವನು. ಇಸ್ತ್ರಿ ಅಂಗಿ, ಮೆಲುದನಿ. "ಇವರು ಬಾಡಿಗೆ ಎಷ್ಟು ಕೊಡ್ತಾರೆ?" ಅಂತ ಕೇಳಿದ.

"ಕೊಡೋದಾ? ವರ್ಷಗಟ್ಟಲೆ ಆಯ್ತು ಸಾರ್, ಬಿಡಿಗಾಸು ಬಿಚ್ಚಿಲ್ಲ. ಬಿಟ್ಟಿ ಕುಳಗಳು. ಅದಕ್ಕೇ ಅಲ್ವಾ ಈ ರೇಟಿಗೆ ಸಿಗ್ತಿರೋದು? ಇವರಿಲ್ದೇ ಇದ್ದಿದ್ರೆ ಈ ಮನೆ ನಿಮ್ಮ ಕೈಗೆ ಎಲ್ಲಿ ಎಟುಕ್ತಿತ್ತು? ನೋಡೋಕೆ ಹೋದ್ರೆ ನೀವೇ ಇವಳಿಗೊಂದು ಥ್ಯಾಂಕ್ಸ್ ಹೇಳ್ಬೇಕು."

ತನ್ನ ಮಾತಿಗೆ ತಾನೇ ನಕ್ಕ. ಹೆಂಗಸು ತಲೆ ಎತ್ತಲಿಲ್ಲ. ಹಿಂಡಿದ ಬಟ್ಟೆಯನ್ನೇ ಇನ್ನೊಂದು ಸಲ ಹಿಂಡಿದಳು. ಅದರಲ್ಲಿ ನೀರು ಉಳಿದಿರಲಿಲ್ಲ.

ಗಲ್ಲಿಯಲ್ಲಿ ಅವಳನ್ನು ಗುಂಡಿಯವಳು ಅನ್ನುತ್ತಿದ್ದರು. ಗಂಡ ಪಾಯಿಖಾನೆ ಗುಂಡಿ ಬಳಿಯುವವನಾಗಿದ್ದ. ಆ ಗಲ್ಲಿಯ ಮನೆಗಳಿಗೆ ದೊಡ್ಡ ಚರಂಡಿಯ ಪೈಪು ಬಂದಿಲ್ಲ. ಮನೆಗೊಂದು ಗುಂಡಿ. ಹೀರುವ ಲಾರಿ ಒಳಗೆ ಬರುವಷ್ಟು ಗಲ್ಲಿ ಅಗಲವಿಲ್ಲ. ಆದ್ದರಿಂದ ಮನುಷ್ಯ ಇಳಿಯಬೇಕು. ಮೇಲಿನವರು ತಿಂದು ಕೂತು ಎದ್ದು ನೀರು ಸುರಿದು ಮರೆತದ್ದನ್ನೆಲ್ಲ ಒಬ್ಬ ಮನುಷ್ಯ ಸೊಂಟದವರೆಗೆ ನಿಂತು ಬಕೆಟಿಗೆ ತುಂಬಬೇಕು. ಇನ್ನೊಬ್ಬರು ಹಗ್ಗ ಹಿಡಿದು ಎಳೆಯಬೇಕು. ಇಳಿಯುವವನು ಅವನು. ಎಳೆಯುವವಳು ಇವಳು.

ಅಂಥವರಿಗೆ ಮನೆ ಕೊಡುವವರು ಯಾರು? ಈ ಮನೆಯ ಹಳೆಯ ಮಾಲೀಕ ಕೊಟ್ಟಿದ್ದ. ಧರ್ಮಕ್ಕಲ್ಲ. ಹಿತ್ತಿಲ ಕೋಣೆಯ ಬಾಗಿಲ ಎದುರೇ ಗುಂಡಿಯ ಮುಚ್ಚಳ. ಮುಚ್ಚಳ ದಾಟಿಯೇ ಒಳಗೆ ಹೋಗಬೇಕು. ಬೇರೆ ಯಾರೂ ಆ ಕೋಣೆಗೆ ಬರುತ್ತಿರಲಿಲ್ಲ.

ಗಂಡನ ಕೆಲಸಕ್ಕೆ ಒಂದು ಕಟ್ಟುನಿಟ್ಟಿತ್ತು. ಇವತ್ತು ಮುಚ್ಚಳ ತೆಗೆದರೆ ಇಳಿಯುವುದು ನಾಳೆ. ಉದ್ದ ಕೋಲಿನಿಂದ ಕದಡಿ, ಒಳಗಿನ ವಿಷಗಾಳಿ ಹೋಗಲಿ ಅಂತ ಹಾಗೇ ತೆರೆದು ಬಿಟ್ಟು, ಅದರ ಪಕ್ಕದಲ್ಲೇ ಬೀಡಿ ಇಲ್ಲದೆ, ಚಹಾ ಇಲ್ಲದೆ ಕೂತಿರುತ್ತಿದ್ದ. "ಮೊದಲು ಅದು ಉಸಿರು ಬಿಡಲಿ. ಆಮೇಲೆ ನಾವು ತಗೊಳ್ಳೋಣ" ಅನ್ನುತ್ತಿದ್ದ. ಬೈದರೂ ಅಷ್ಟೇ, ಬೇಡಿದರೂ ಅಷ್ಟೇ. ಗುಂಡಿಯವನಿಗೆ ಕೊಬ್ಬು ಅಂತ ಗಲ್ಲಿಯವರು ಅನ್ನುತ್ತಿದ್ದರು. ಕೊಬ್ಬಲ್ಲ. ಜೀವದ ಆಸೆ. ಅದು ಅವನಿಗೂ ಇತ್ತು ಅನ್ನುವುದು ಅವರಿಗೆ ಹೊಳೆದಿರಲಿಲ್ಲ.

ಆ ದಿನ ಮಾಲೀಕನ ಮನೆಗೆ ನೆಂಟರು ಬರುವುದಿತ್ತು. ಗುಂಡಿ ತುಂಬಿ ಬಚ್ಚಲಿಗೆ ಉಕ್ಕಿತ್ತು. ಒಂದು ದಿನ ತೆರೆದಿಡುತ್ತೇನೆ ಅಂದ ಗಂಡ. "ನೆಂಟರು ಮೂಗು ಮುಚ್ಕೊಂಡು ಊಟ ಮಾಡ್ಬೇಕಾ? ಈಗಲೇ ಇಳಿ. ಇಲ್ಲಾಂದ್ರೆ ಸಾಯಂಕಾಲ ಗಂಟುಮೂಟೆ ಕಟ್ಟು" ಅಂದ ಮಾಲೀಕ. ಗಂಡ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡಿದಳು. ಅವನು ಇಳಿದ.

ಮೊದಲ ಬಕೆಟು ಬಂತು. ಎರಡನೆಯದಕ್ಕೆ ಹಗ್ಗ ಬಿಟ್ಟಳು. ಹಗ್ಗ ಅಲ್ಲಾಡಲಿಲ್ಲ. ಕೂಗಿದಳು. ಎಳೆದಳು. ಬರೀ ಬಕೆಟು ಬಂತು. ಬಗ್ಗಿ ನೋಡಿದಳು, ಕಣ್ಣು ಕತ್ತಲೆ ಬಂತು. ಮೇಲೆ ವರಾಂಡದ ಕಂಬಿ ಹಿಡಿದು ಜನ ನಿಂತಿದ್ದರು. ಸೆರಗು, ಟವೆಲು, ಅಂಗೈ, ಎಲ್ಲರ ಮೂಗಿನ ಮೇಲೂ ಏನಾದರೊಂದು ಇತ್ತು. ಒಬ್ಬರೂ ಇಳಿದು ಬರಲಿಲ್ಲ. ಕೊನೆಗೆ ಬಾವಿಯ ಕೊಕ್ಕೆ ತಂದು ಕೊಟ್ಟರು. ಬಿದ್ದ ಕೊಡ ಎತ್ತುವ ಕೊಕ್ಕೆ. ಅದನ್ನು ಗಂಡನ ಸೊಂಟದ ಬೆಲ್ಟಿಗೆ ಸಿಕ್ಕಿಸಿ ಅವಳೇ ಎಳೆದಳು. ಅಂಗೈ ಸುಲಿದು ಹೋಯಿತು. ಮೇಲೆ ಬಂದವನನ್ನು ಮಡಿಲಲ್ಲಿ ಹಾಕಿಕೊಂಡು ಸೆರಗಿನಿಂದ ಬಾಯಿ ಒರೆಸಿದಳು, ಮೂಗು ಒರೆಸಿದಳು. ಉಸಿರಿಗೆ ದಾರಿ ಮಾಡುತ್ತಿದ್ದಳು. ದಾರಿ ಆಯಿತು, ಉಸಿರು ಇರಲಿಲ್ಲ.

ಪೊಲೀಸರು ಬರುವ ಮೊದಲು ಮಾಲೀಕ ಬಂದ. ಮಾರು ದೂರ ನಿಂತು ಮಾತಾಡಿದ.

"ಹೋದವನು ಬರಲ್ಲ. ನಿನಗೂ ಮಗನಿಗೂ ತಲೆ ಮೇಲೊಂದು ಸೂರು ಬೇಕು ತಾನೇ? ಮುಚ್ಚಳ ಸರಿಮಾಡೋಕೆ ಹೋಗಿ ಕಾಲು ಜಾರಿ ಬಿದ್ದ ಅನ್ನು. ನೀನಿರೋವರೆಗೂ ಈ ಕೋಣೆ ನಿಂದು. ಬಾಡಿಗೆ ಅನ್ನೋ ಮಾತೇ ಇಲ್ಲ. ನನ್ನ ಮಾತು ಅಂದ್ರೆ ಮಾತು."

ಬೇರೆ ಯಾರೂ ಮನೆ ಕೊಡುವುದಿಲ್ಲ ಅಂತ ಅವನಿಗೂ ಗೊತ್ತು, ಅವಳಿಗೂ ಗೊತ್ತು. ಅವಳು ಕಾಲು ಜಾರಿತು ಅಂದಳು. ಪೊಲೀಸಿನವನು ಕೇಳಿದ: "ಕುಡಿದಿದ್ನಾ?" ಮಾಲೀಕನೇ ಉತ್ತರ ಕೊಟ್ಟ: "ಈ ಕೆಲಸದೋರು ಕುಡೀದೇ ಇರ್ತಾರಾ ಸಾರ್?" ಪೊಲೀಸಿನವನು ಅವಳ ಕಡೆ ತಿರುಗಿದ.

ಗಂಡ ಹುಟ್ಟಿದಾಗಿನಿಂದ ಒಂದು ತೊಟ್ಟು ಮುಟ್ಟಿದವನಲ್ಲ.

ಅವಳ ಕತ್ತು ಹೌದು ಅಂತ ಆಡಿತು. ಒಂದೇ ಸಲ. ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು.

ಇದು ಅವಳು ಕೊಟ್ಟ ಬಾಡಿಗೆ.

ಮಗ ಆಗ ಸ್ಕೂಲಿನಲ್ಲಿದ್ದ. ಅವನಿಗೂ ಅವಳು ಅದನ್ನೇ ಹೇಳಿದಳು. ಹುಡುಗರ ಬಾಯಿಗೆ ಬೀಗ ಉಂಟೇ? ಕುಡುಕನ ಮಗ ಅಂದರು. ಗುಂಡಿಗೆ ಬಿದ್ದವನ ಮಗ ಅಂದರು. ಅವನ ಪಕ್ಕ ಕೂರಲಿಲ್ಲ. ಅವನು ಒಬ್ಬನಿಗೆ ಬಾರಿಸಿದ, ಹತ್ತು ಜನ ಸೇರಿ ಅವನಿಗೆ ಬಾರಿಸಿದರು. ಮಾಸ್ತರು ಅವನನ್ನೇ ಹೊರಗೆ ಹಾಕಿದರು. ಅಲ್ಲಿಗೆ ಓದು ಮುಗಿಯಿತು. ಈಗ ಲಾರಿಗೆ ಇಟ್ಟಿಗೆ ತುಂಬುತ್ತಾನೆ. ಸಪೂರ, ಎತ್ತರ. ಜೊತೆಯವರು ಕಂಬ ಅಂತ ಕರೆಯುತ್ತಾರೆ. ಅವನ ಬಾಯಲ್ಲಿ ಅಪ್ಪ ಅನ್ನುವ ಶಬ್ದ ಬಂದದ್ದು ಅವಳು ಕೇಳಿಲ್ಲ. ಮಾತು ಬಂದರೆ "ಆ ಕುಡುಕ" ಅನ್ನುತ್ತಾನೆ. ಅವಳು ಒಲೆಯ ಕಡೆ ತಿರುಗುತ್ತಾಳೆ.

ಹಳೆಯ ಮಾಲೀಕ ಸತ್ತ. ಅವನ ಮಗ ಮನೆ ಮಾರಿದ. ಮೆಡಿಕಲ್ ಶಾಪಿನವನು ಕೊಂಡ.

ಕೊಂಡವನು ಕೆಟ್ಟವನ ಹಾಗೆ ಕಾಣುತ್ತಿರಲಿಲ್ಲ. ಅದೇ ದೊಡ್ಡ ಕಷ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವನು ಬಂದು ಅಮ್ಮಾ ಅಂದ.

"ಅಮ್ಮಾ, ನನಗೂ ಹೆಂಡ್ತಿ ಮಕ್ಕಳಿದ್ದಾರೆ. ಅಂಗಡಿ ಅಡ ಇಟ್ಟು, ಸಾಲ ಮಾಡಿ ಇದನ್ನ ತಗೊಂಡಿದ್ದೀನಿ. ನೀವು ಜಾಗ ಖಾಲಿ ಮಾಡ್ಕೊಟ್ರೆ ಒಳ್ಳೇದು."

"ಇರೋವರೆಗೂ ಇರು ಅಂತ ದೊಡ್ಡ ಯಜಮಾನರು ಮಾತು ಕೊಟ್ಟಿದ್ರು ಸ್ವಾಮಿ."

"ಅವರು ಕೊಟ್ಟಿದ್ದು ಮಾತು. ನಾನು ಕೊಟ್ಟಿರೋದು ದುಡ್ಡು." ದನಿ ಏರಲೇ ಇಲ್ಲ. "ನಿಮ್ಮ ಯಜಮಾನರು ಕುಡಿದು ಏನೋ ಅನಾಹುತ ಮಾಡ್ಕೊಂಡ್ರಂತೆ. ಪಾಪ ಅಂತ ಅವರು ಇಟ್ಕೊಂಡ್ರು. ಅದು ಅವರ ದೊಡ್ಡತನ. ಎಲ್ಲರಿಗೂ ಅಷ್ಟು ದೊಡ್ಡತನ ಇರೋಕಾಗಲ್ಲ ನೋಡಿ."

ಅವಳು ಒಳಗೆ ಹೋಗಿ ಒಲೆಯ ಮುಂದೆ ಕೂತಳು.

ಕೋಣೆ ಹುಡುಕಿದರು. ಹುಡುಕಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಹೋಟೆಲಿನಲ್ಲಿ ಪಾತ್ರೆ ತೊಳೆದು ಮುಗಿಸಿ, ಬಿರಿದ ಬೆರಳ ಸಂದಿಗೆ ಎಣ್ಣೆ ಹಚ್ಚಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಮಗನ ಜೊತೆ ಬೀದಿ ಬೀದಿ ತಿರುಗಿದಳು. "ಎಲ್ಲಿಂದ ಬಂದ್ರಿ? ಮುಂಚೆ ಎಲ್ಲಿದ್ರಿ?" ಅಲ್ಲಿಯವರೆಗೆ ಎಲ್ಲ ಸರಿ. ಗಲ್ಲಿಯ ಹೆಸರು ಹೇಳಿದರೆ ಮುಗಿಯಿತು. "ಓ, ಗುಂಡಿಯವರಾ? ನಮ್ಮನೇಲಿ ಜಾಗ ಇಲ್ಲಮ್ಮ, ನಮ್ಮ ಅಕ್ಕನ ಮಗ ಬರ್ತಾನೆ." ಊರಿನ ಎಲ್ಲ ಖಾಲಿ ಕೋಣೆಗಳಿಗೂ ಯಾರದೋ ಅಕ್ಕನ ಮಗ ಬರುತ್ತಿದ್ದ.

"ಎಷ್ಟು ಜನ ಮಕ್ಕಳನ್ನ ಹೆತ್ತಿದ್ದಾಳೋ ಆ ಅಕ್ಕ" ಅಂದ ಕಂಬ. ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ರಸ್ತೆ ಬದಿಯಲ್ಲಿ ಕೂತು ಅತ್ತುಬಿಟ್ಟಳು.

ಮೆಡಿಕಲ್ ಶಾಪಿನವನು ಮೊದಲು ನಲ್ಲಿ ನಿಲ್ಲಿಸಿದ. ರಿಪೇರಿ ಅಂದ. ಆಮೇಲೆ ಕರೆಂಟು ತೆಗೆಸಿದ. ವೈರು ಹಳೆಯದು, ನಿಮಗೇ ಅಪಾಯ ಅಂದ. ಅವಳು ಹೋಟೆಲಿನಿಂದ ಕ್ಯಾನಿನಲ್ಲಿ ನೀರು ಹೊತ್ತು ತಂದಳು. ಕಂಬ ಮೇಣದ ಬತ್ತಿ ತಂದ. ಅವರು ಹೋಗಲಿಲ್ಲ. ಹೋಗುವ ಜಾಗ ಇದ್ದರಲ್ಲವೇ ಹೋಗುವುದು?

ಅಷ್ಟರಲ್ಲಿ ಗುಂಡಿ ತುಂಬಿತು.

ಮೇಲಿನ ಮನೆಯ ಟೀಚರಮ್ಮ ಹಳೆಯ ಮಾಲೀಕನ ಕಾಲದಿಂದಲೂ ಬಾಡಿಗೆ ಸರಿಯಾಗಿ ಕೊಡುವವರು. ಅವರ ಬಚ್ಚಲಿಗೆ ಉಕ್ಕಿತು. ಅವರು ಫೋನು ಮಾಡಿದರು. ಮೆಡಿಕಲ್ ಶಾಪಿನವನು ಓಡಿ ಬಂದ. ಮಾರನೆಯ ದಿನ ಮನೆ ನೋಡಲು ಅವನ ಹೆಂಡತಿಯ ಕಡೆಯವರು ಬರುವುದಿತ್ತು.

ಅವಳು ಹೋಟೆಲಿನಲ್ಲಿದ್ದಳು. ಕಂಬ ಕೋಣೆಯಲ್ಲಿದ್ದ. ಮೆಡಿಕಲ್ ಶಾಪಿನವನು ಮುಚ್ಚಳದ ಆಚೆ ನಿಂತು ಮಾತಾಡಿದ.

ಆ ಮಧ್ಯಾಹ್ನ ಅವಳಿಗೆ ಯಾಕೋ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ ಅಂತ ನಾನು ಬರೆದರೆ ಸುಳ್ಳಾಗುತ್ತದೆ. ಯಾವ ಸೂಚನೆಯೂ ಇರಲಿಲ್ಲ. ಹೋಟೆಲಿನಲ್ಲಿ ನೀರು ನಿಂತುಹೋಯಿತು, ಮನೆಗೆ ಹೋಗು ಅಂದರು, ಬಂದಳು. ಅಷ್ಟೇ. ನೀರು ಬಂದಿದ್ದರೆ ಬರುತ್ತಿರಲಿಲ್ಲ. ಬಡವರ ಮಕ್ಕಳು ಉಳಿಯುವುದೂ ಸಾಯುವುದೂ ಇಂಥ ಕಾರಣಕ್ಕೆ.

ಹಿತ್ತಿಲಿಗೆ ಕಾಲಿಟ್ಟಾಗ ಮಗ ಅಂಗಿ ಬಿಚ್ಚಿ ನಿಂತಿದ್ದ. ಇಟ್ಟಿಗೆ ಹೊತ್ತು ಕಾಯಿ ಕಟ್ಟಿದ ಹೆಗಲು. ಸೊಂಟಕ್ಕೆ ಹಗ್ಗ. ಹಾರೆಯಿಂದ ಮುಚ್ಚಳದ ಒಂದು ಅಂಚು ಎತ್ತಿದ್ದ. ಆವತ್ತಿನ ಅದೇ ವಾಸನೆ ಹಿತ್ತಿಲೆಲ್ಲ ಹರಡಿತ್ತು.

"ಏನೋ ಮಾಡ್ತಿದ್ದೀಯ?"

"ಬಂದ್ಯಾ? ಒಳ್ಳೇದಾಯ್ತು. ಹಗ್ಗ ಹಿಡ್ಕೋ ಬಾ." ಮುಖದಲ್ಲಿ ಗೆಲುವಿತ್ತು. "ಇದೊಂದು ಸಲ ಬಳಿದು ಕೊಟ್ರೆ ಮಳೆಗಾಲ ಮುಗಿಯೋವರೆಗೂ ಇರಿ ಅಂದಿದ್ದಾರೆ. ನಲ್ಲೀನೂ ಬಿಡ್ತಾರಂತೆ."

ಮೆಡಿಕಲ್ ಶಾಪಿನವನು ಮೆಟ್ಟಿಲ ಮೇಲಿದ್ದ. ತನ್ನ ಅಂಗಡಿಯದೇ ಮಾಸ್ಕು ಹಾಕಿಕೊಂಡಿದ್ದ. "ಬಲವಂತ ಏನಿಲ್ಲಮ್ಮ. ಹುಡುಗನೇ ಒಪ್ಕೊಂಡ. ಬಾಡಿಗೆ ಅಂತೂ ಇಲ್ಲ, ಇಷ್ಟಾದ್ರೂ ಮಾಡಿಕೊಡ್ಲಿ" ಅಂದ.

"ಮುಚ್ಚಳ ಈಗ ತೆಗೆದಿದ್ದೀಯ. ನಾಳೆ ಇಳಿ" ಅಂದಳು ಅವಳು.

"ನಾಳೆ ಜನ ಬರ್ತಾರಮ್ಮ. ವಾಸನೆ ಇಟ್ಕೊಂಡು ಹೇಗೆ?" ಅಂದ ಮೆಟ್ಟಿಲ ಮೇಲಿನವನು. "ಈಗಲೇ ಆಗಬೇಕು."

ಅವಳು ಹೆಜ್ಜೆ ಹಾಕಿದಳು. ಮಗನ ಕೈಯಿಂದ ಹಾರೆ ಕಿತ್ತು ದೂರ ಎಸೆದಳು. ಎತ್ತಿದ ಮುಚ್ಚಳ ಧಡ್ಡನೆ ಕೂತಿತು. ಅವಳು ಅದರ ಮೇಲೆ ಕೂತಳು. ಕಾಲು ಚಾಚಿ, ಎರಡೂ ಅಂಗೈ ಕಲ್ಲಿಗೆ ಒತ್ತಿ, ಬೇರು ಬಿಟ್ಟವಳ ಹಾಗೆ ಕೂತಳು.

"ಏಳವ್ವ."

"ಏಳಲ್ಲ."

"ಏಳು ಅಂದೆ. ನಾಟಕ ಆಡ್ಬೇಡ. ನಿನಗೆ ಕೋಣೆ ಬೇಕೋ ಬೇಡ್ವೋ?"

"ಬೇಡ."

ಕಂಬ ಅವಳ ರಟ್ಟೆ ಹಿಡಿದು ಎಳೆದ. ಅವಳು ಜಗ್ಗಲಿಲ್ಲ. ವರ್ಷಗಟ್ಟಲೆ ಬಕೆಟು ಎಳೆದ ರಟ್ಟೆ ಅದು. ಅವನಿಗೆ ರೇಗಿತು. "ಯಾಕೆ ಹೆದರ್ತೀಯ? ಆ ಕುಡುಕನ ಹಾಗೆ ತೂರಾಡ್ಕೊಂಡು ಬೀಳ್ತೀನಿ ಅಂದ್ಕೊಂಡ್ಯಾ? ನಾನು ಕುಡಿದಿಲ್ಲ!"

"ಅವನೂ ಕುಡಿದಿರ್ಲಿಲ್ಲ."

ಹೇಳಿಬಿಟ್ಟಳು. ಇಷ್ಟು ವರ್ಷ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದ್ದದ್ದು, ಕೆಮ್ಮಿದಷ್ಟು ಸಲೀಸಾಗಿ ಬಂದುಬಿಟ್ಟಿತು. ಕಂಬನ ಕೈ ಅವಳ ರಟ್ಟೆಯ ಮೇಲೇ ನಿಂತಿತು.

"ಅವನು ಬೀಳ್ಲಿಲ್ಲ. ಇಳಿಸಿದ್ರು. ಹೀಗೇ, ನೆಂಟರು ಬರ್ತಾರೆ ಅಂತ. ಒಂದು ದಿನ ತೆರೆದಿಡ್ತೀನಿ ಅಂದ, ಬಿಡ್ಲಿಲ್ಲ. ಹಗ್ಗ ನನ್ನ ಕೈಯಲ್ಲೇ ಇತ್ತು. ಕಾಲು ಜಾರಿತು ಅಂತ ಹೇಳು, ಕೋಣೆ ನಿಂಗೆ ಅಂದ್ರು. ಹೇಳ್ದೆ. ಕುಡಿದಿದ್ನಾ ಅಂದ್ರು. ಹೂಂ ಅಂದೆ."

ಕಂಬ ಕೈ ಬಿಟ್ಟ. ಸುಟ್ಟುಕೊಂಡವನ ಹಾಗೆ ಹಿಂದೆ ಸರಿದ.

"ನಾನು ಇಷ್ಟು ವರ್ಷ ಅವನನ್ನ ಬೈದಿದ್ದೀನಿ."

"ಬೈತಿದ್ದೆ."

"ನೀನು ಕೇಳಿಸ್ಕೊಂಡು ಕೂತಿದ್ದೆ."

"ಕೂತಿದ್ದೆ."

"ಒಂದು ಮಾತು ನನ್ನ ಕಿವೀಲಿ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಚಿಕ್ಕವನು ನೀನು. ಹೊರಗೆ ಹೋಗಿ ಅಂದುಬಿಟ್ಟಿದ್ರೆ? ಕೋಣೆ ಹೋಗಿದ್ರೆ? ನಿನ್ನನ್ನ ಎಲ್ಲಿ ಮಲಗಿಸ್ಲಿ?" ಅವಳು ಅಂಗೈಯಿಂದ ಕಲ್ಲು ಬಡಿದಳು. "ಆಮೇಲೆ ದೊಡ್ಡವನಾದೆ. ಆಮೇಲೆ ಹೇಗೆ ಹೇಳ್ಲಿ? ಹೇಳು, ಹೇಗೆ ಹೇಳ್ಲಿ?"

ಅವನು ಸೊಂಟದ ಹಗ್ಗದ ಗಂಟು ಬಿಚ್ಚತೊಡಗಿದ. ಗಂಟು ಬಿಗಿಯಾಗಿತ್ತು. ಬಿಚ್ಚಲಾಗದೆ ಹಲ್ಲು ಕಚ್ಚಿ ಜಗ್ಗಿದ. ಸೊಂಟದ ಸುತ್ತ ಚರ್ಮ ಕೆಂಪಾಯಿತು. ಅವಳು ಕೈ ಚಾಚಿದಳು. ಅವನು ಆ ಕೈ ತಳ್ಳಿದ.

ಮೇಲಿನ ವರಾಂಡದಲ್ಲಿ ಟೀಚರಮ್ಮ ನಿಂತಿದ್ದರು. ಗುಂಡಿಯವಳು ತಲೆ ಎತ್ತಿದಳು. "ಟೀಚರಮ್ಮ, ಆವತ್ತು ನೀವೂ ಅಲ್ಲೇ ನಿಂತಿದ್ರಿ. ಇಳಿ ಅಂತ ಯಜಮಾನರು ಗದರಿದ್ದು ಕೇಳಿಸ್ತಲ್ವಾ? ಇವನಿಗೊಂದು ಮಾತು ಹೇಳಿ."

ಟೀಚರಮ್ಮ ಕಂಬಿಯಿಂದ ಕೈ ತೆಗೆದರು. "ಅಯ್ಯೋ, ನಾನು ಆವತ್ತು ಒಳಗಿದ್ದೆ ಅನ್ಸುತ್ತಮ್ಮ. ಅಷ್ಟು ಹಳೇದು ಯಾರಿಗೆ ನೆನಪಿರುತ್ತೆ?" ಬಾಗಿಲು ಹಾಕಿದ ಸದ್ದಾಯಿತು.

ಮೆಡಿಕಲ್ ಶಾಪಿನವನು ಮಾಸ್ಕನ್ನು ಗಲ್ಲಕ್ಕೆ ಇಳಿಸಿದ. ಮುಖದಲ್ಲಿ ನಿಜವಾಗಿಯೂ ಬೇಸರವಿತ್ತು. "ಆಗಿದ್ದು ಆಗಿಹೋಯ್ತು. ಅದಕ್ಕೂ ನನಗೂ ಸಂಬಂಧ ಇಲ್ಲ. ನಾನು ಮನೆ ತಗೊಂಡಿದ್ದು ಮೊನ್ನೆ" ಅಂದ. "ಈಗ ನೀವು ಒಂದು ಹೇಳಿ. ಕ್ಲೀನ್ ಮಾಡ್ತೀರೋ, ಖಾಲಿ ಮಾಡ್ತೀರೋ?"

ಅವಳು ಅವನ ಕಡೆ ತಿರುಗಿದಳು. ಇಷ್ಟು ದಿನ ಸ್ವಾಮಿ ಅನ್ನುತ್ತಿದ್ದವಳು ಈಗ ಅನ್ನಲಿಲ್ಲ.

"ನಿನಗೆ ಈ ಮನೆ ಯಾಕೆ ಅಗ್ಗಕ್ಕೆ ಸಿಕ್ತು ಗೊತ್ತಾ? ನಾನು ಬಾಡಿಗೆ ಕೊಟ್ಟಿಲ್ಲ ಅಂತ ಅಲ್ವಾ? ಕೊಟ್ಟಿದ್ದೀನಪ್ಪ. ಯಾರೂ ಕೊಡದಷ್ಟು ಕೊಟ್ಟಿದ್ದೀನಿ. ಒಬ್ಬನನ್ನ ಕೊಟ್ಟೆ. ಅವನ ಮಾನಾನೂ ಕೊಟ್ಟೆ. ಇನ್ನು ನನ್ನ ಹತ್ರ ಇರೋದು ಇವನೊಬ್ಬ. ಇವನನ್ನ ಕೊಡಲ್ಲ. ನಿನ್ನ ಮನೆ ನೀನಿಟ್ಕೋ. ನಿನ್ನ ಗುಂಡಿ ನೀನಿಳಿ."

ಖಾಲಿ ಮಾಡಲು ಹೊತ್ತೇನೂ ಹಿಡಿಯಲಿಲ್ಲ. ಒಂದು ಟ್ರಂಕು, ಒಂದು ಸ್ಟವ್ವು, ಪಾತ್ರೆಯ ಚೀಲ, ಎರಡು ಚಾಪೆ. ಕಂಬ ಟ್ರಂಕು ಹೊತ್ತ. ಎಲ್ಲಿಗೆ ಅಂತ ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗಲ್ಲಿಯ ಕೊನೆಯಲ್ಲಿ ಬ್ರೋಕರು ಬೈಕಿನ ಮೇಲೆ ಕೂತಿದ್ದ. "ಅಂತೂ ಹೊರಟ್ರಲ್ಲ ಬಾಡಿಗೆದಾರರು" ಅಂದ. ಕಂಬ ಟ್ರಂಕು ಕೆಳಗಿಟ್ಟ. ಬ್ರೋಕರು ಬೈಕು ಸ್ಟಾರ್ಟ್ ಮಾಡಿ ಹೊರಟೇಹೋದ. ಕಂಬ ಮತ್ತೆ ಟ್ರಂಕು ಹೊತ್ತ.

ಅವಳು ಮುಂದೆ ನಡೆದಳು. ಅವನು ಹಿಂದೆ. ಇಬ್ಬರ ನಡುವೆ ಇನ್ನೊಬ್ಬ ನಡೆಯುವಷ್ಟು ಜಾಗ. ಪೊಲೀಸ್ ಸ್ಟೇಷನ್ನಿನ ಗೇಟಿನಲ್ಲಿ ಅವಳು ಒಳಗೆ ತಿರುಗಿದಾಗಲೇ ಎಲ್ಲಿಗೆ ಅಂತ ಅವನಿಗೆ ತಿಳಿದದ್ದು.

ಒಳಗೆ ದೂರು ಬರೆದುಕೊಳ್ಳುವ ರೈಟರು ಫ್ಯಾನಿನ ಕೆಳಗೆ ಕೂತಿದ್ದ. ಚಾಪೆ ಹಿಡಿದು ಬಂದವಳನ್ನು ನೋಡಿ, "ಏನಮ್ಮ, ಇಲ್ಲೇ ಮಲಗೋಕೆ ಬಂದ್ಯಾ?" ಅಂದ. ಪಕ್ಕದವರು ನಕ್ಕರು.

ಅವಳು ನಿಂತೇ ಹೇಳಿದಳು. ನೆಂಟರಿಂದ ಹಿಡಿದು ಕೊಕ್ಕೆಯವರೆಗೆ, ಕೊಕ್ಕೆಯಿಂದ ಹೆಬ್ಬೆಟ್ಟಿನವರೆಗೆ. ಎಲ್ಲೂ ನಿಲ್ಲಲಿಲ್ಲ. ರೈಟರು ಪೆನ್ನು ಮುಟ್ಟಲಿಲ್ಲ.

"ಇಳಿಸಿದವನು ಇದ್ದಾನಾ?"

"ಸತ್ತುಹೋದ್ರು."

"ಸತ್ತೋನ ಮೇಲೆ ಏನಂತ ಬರೀಲಿ? ಇಷ್ಟು ವರ್ಷ ಎಲ್ಲಿದ್ದೆ? ಮನೆ ಬಿಡಿಸಿದ್ರು ಅಂತ ಈಗ ಕಥೆ ಕಟ್ಕೊಂಡು ಬಂದ್ಯಾ?"

"ಕಥೆ ಕಟ್ಟಿದ್ದು ಆವಾಗ. ಇದು ನಡೆದಿದ್ದು."

ರೈಟರು ಮುಂದಕ್ಕೆ ಬಗ್ಗಿದ. "ಅಂದ್ರೆ ಆವತ್ತು ಪೊಲೀಸರ ಮುಂದೆ ಸುಳ್ಳು ಹೇಳ್ದೆ. ಅದಕ್ಕೆ ನಿನ್ನ ಮೇಲೇ ಕೇಸಾಗುತ್ತೆ, ಗೊತ್ತಾ?"

"ಹಾಕಿ."

"ಏನು?"

"ನನ್ನ ಮೇಲೆ ಹಾಕಿ. ಒಳಗೆ ಕೂರಿಸಿ. ಆದ್ರೆ ನಾನು ಹೇಳಿದ್ದು ಸುಳ್ಳು ಅಂತ ಬರೆದ ಮೇಲೆ, ನಿಜ ಏನು ಅಂತಾನೂ ಬರೀಬೇಕಲ್ಲ. ಅದನ್ನ ಬರೀರಿ. ನನಗೆ ಅಷ್ಟು ಸಾಕು."

ರೈಟರು ಪಕ್ಕದವನ ಮುಖ ನೋಡಿದ. ಕುರ್ಚಿ ಹಿಂದೆ ತಳ್ಳಿ ಎದ್ದ. "ಊಟದ ಹೊತ್ತು. ಬೆಂಚಿನ ಮೇಲೆ ಕೂತಿರು" ಅಂದು ಒಳಗೆ ಹೋದ. ಒಂದಷ್ಟು ಹೊತ್ತು ಕೂರಿಸಿದರೆ ಇವಳು ತಾನಾಗಿ ಎದ್ದು ಹೋಗುತ್ತಾಳೆ ಅನ್ನುವುದು ಅವನ ಲೆಕ್ಕ.

ಅವಳು ಬೆಂಚಿನ ಈ ತುದಿಯಲ್ಲಿ ಕೂತಳು. ಕಂಬ ಆ ತುದಿಯಲ್ಲಿ. ನಡುವೆ ಟ್ರಂಕು. ಒಳಗಿನಿಂದ ತಟ್ಟೆಯ ಸದ್ದು, ನಗು ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ ಅವನು ಗೋಡೆಗೆ ಮುಖ ಮಾಡಿಯೇ ಕೇಳಿದ:

"ಇಳಿಯೋ ಮುಂಚೆ ಏನಾದ್ರೂ ಅಂದ್ನಾ?"

ಅವಳು ಸೆರಗಿನ ತುದಿಯನ್ನು ಮಡಿಚಿದಳು, ಬಿಚ್ಚಿದಳು.

"ಸೋಪು ಎತ್ತಿಡು ಅಂದ. ಮಗ ಸ್ಕೂಲಿಂದ ಬರೋಷ್ಟರಲ್ಲಿ ಸ್ನಾನ ಮುಗಿಸಿರ್ತೀನಿ ಅಂದ. ನೀನು ಬಂದ ತಕ್ಷಣ ಅವನ ಮೇಲೆ ಹತ್ತಿ ಕೂರ್ತಿದ್ಯಲ್ಲ. ವಾಸನೆ ಬರಬಾರದು ಅಂತ."

ಕಂಬ ಎದ್ದ. ಅವನ ತಲೆ ಸ್ಟೇಷನ್ನಿನ ಬಾಗಿಲ ಚೌಕಟ್ಟಿಗೆ ತಾಗುವಷ್ಟು ಎತ್ತರವಿತ್ತು. ಒಳಗಿನ ನಗುವಿನ ಕಡೆ ಮುಖ ಮಾಡಿ ನಿಂತ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ತಿರುಗಿ ನೋಡುವ ಹಾಗೆ ಕೂಗಿದ.

"ಸಾರ್! ಊಟ ಆಮೇಲೆ ಮಾಡುವಿರಂತೆ. ಹೊರಗೆ ಬಂದು ಬರ್ಕೊಳ್ಳಿ. ನಮ್ಮಪ್ಪ ಕುಡಿದಿರ್ಲಿಲ್ಲ!"